ಎರಡು ಕಾರ್ಬ್ಯುರೇಟರ್‌ಗಳ ಉಸಿರು

ಹನ್ನೆರಡನೇ ತಾರೀಕು ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಛಾಪಖಾನೆಯ ಯಜಮಾನರು ಠಾಣೆಗೆ ಬಂದರು. ಅರವತ್ತಾರು ವರ್ಷದವರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ಕಾರಿನ ಕಾರ್ಬ್ಯುರೇಟರ್ ಕದ್ದಿದ್ದಾರೆ. ಎರಡನ್ನೂ.”

“ಕಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಶೆಡ್ಡಲ್ಲೇ ಇದೆ.”

“ಆನೆ ಬಿಟ್ಟು ಅಂಕುಶ ಕದ್ದ ಹಾಗಾಯ್ತಲ್ಲ ಸಾರ್,” ಎಂದರು ದಫೇದಾರರು. ಇಪ್ಪತ್ತೆಂಟು ವರ್ಷ ಸರ್ವಿಸಾದರೂ ಅವರ ಬಾಯಿಗೆ ಬೀಗ ಬಿದ್ದಿರಲಿಲ್ಲ. ಯಜಮಾನರು ನಗಲಿಲ್ಲ. ಕಾರು ಹದಿನಾಲ್ಕಕ್ಕೆ ಹಡಗು ಹತ್ತಬೇಕು, ಕೊಂಡವನು ಹೊರದೇಶದವನು, ಹುಟ್ಟಿನಿಂದ ಇದ್ದ ಭಾಗಗಳಿಲ್ಲದಿದ್ದರೆ ಗಾಡಿಯೇ ಬೇಡ ಅಂದಿದ್ದಾನೆ. ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಯಜಮಾನರ ಮನೆಯ ಶೆಡ್ಡಿನಲ್ಲಿ ಪಂಚನಾಮೆ. ಅರವತ್ತು ವರ್ಷದ ಹಿಂದೆ ಯಜಮಾನರ ತಂದೆ ತರಿಸಿದ ಜರ್ಮನ್ ರೋಡ್‌ಸ್ಟರ್ ಅದು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ. ಉದ್ದ ಮೂತಿ, ಹಾಲಿನ ಕೆನೆಯ ಬಣ್ಣ. ನೋಡಿದರೆ ರೇಸಿನ ಕುದುರೆ, ಓಡಿಸಿದರೆ ಸಂಭಾವಿತ. ಗಡಿಬಿಡಿ ಅದಕ್ಕೆ ಆಗದು. ಬಾಗಿಲು ಹಾಕಿದರೆ ಪೆಟ್ಟಿಗೆ ಮುಚ್ಚಿದಂತೆ ಒಂದೇ ಒಂದು ‘ಟಕ್’. ದಫೇದಾರರು ಮೂರು ಸಲ ಹಾಕಿ ತೆಗೆದರು, ತನಿಖೆಯ ಹೆಸರಿನಲ್ಲಿ.

ಇನ್ಸ್‌ಪೆಕ್ಟರ್ ಮಾತ್ರ ಬಾನೆಟ್ಟಿನೊಳಗೇ ನೋಡುತ್ತಿದ್ದರು. ಕಾರ್ಬ್ಯುರೇಟರ್ ಇದ್ದ ಜಾಗದ ನಾಲ್ಕು ತೂತಿಗೂ ಒಗೆದ ಬಟ್ಟೆಯ ಬಿರಡೆ. ಪೆಟ್ರೋಲ್ ಪೈಪಿನ ತುದಿಗೆ ದಾರ ಕಟ್ಟಿದೆ. ಬಿಚ್ಚಿದ ನಟ್ಟು, ವಾಷರು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿ ತೂಗುಹಾಕಿದ್ದಾರೆ. ನೆಲದ ಮೇಲೆ ಒಂದು ಹನಿ ಪೆಟ್ರೋಲಿಲ್ಲ.

“ಕಳ್ಳ ಇಷ್ಟು ಮರ್ಯಾದಸ್ಥನಾ?” ಎಂದರು.

“ಇನ್ಯಾರು, ರಿಪೇರಿ ಮೇಸ್ತ್ರಿನೇ,” ಯಜಮಾನರ ಮುಖ ಕೆಂಪಾಯಿತು. “ಮೂವತ್ತೊಂದು ವರ್ಷದಿಂದ ಈ ಗಾಡಿ ಮುಟ್ಟೋದು ಅವನೊಬ್ಬನೇ. ಮಾರ್ತೀನಿ ಅಂದಾಗಿಂದ ಮುಖ ಗಂಟು ಹಾಕ್ಕೊಂಡಿದ್ದ.”

ಹನ್ನೊಂದೂವರೆಗೆ ಮೇಸ್ತ್ರಿಯನ್ನು ಶೆಡ್ಡಿಗೇ ಕರೆಸಿದರು. ಎಪ್ಪತ್ತರ ಅಂಚಿನ ಒಣಕಲು ಮುದುಕ. ತಂತಿಯಲ್ಲಿ ಪೋಣಿಸಿದ ವಾಷರುಗಳನ್ನು ನೋಡಿದ, ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ಯಾರೂ ಏನೂ ಕೇಳುವ ಮೊದಲೇ, “ನಾನೇ ತೆಗೆದದ್ದು ಸ್ವಾಮಿ,” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವನು ಅನ್ನುವ ಮೊದಲೇ ಮುಟ್ಟಿಕೊಂಡಿದ್ದ. ಇನ್ಸ್‌ಪೆಕ್ಟರಿಗೆ ಅದು ರುಚಿಸಲಿಲ್ಲ.

“ಎಲ್ಲಿಟ್ಟಿದ್ದೀರಿ?”

“ಹೊಳೆಗೆ ಹಾಕ್ಬಿಟ್ಟೆ.”

“ದಾರ ಕಟ್ಟಿ, ಬಟ್ಟೆ ತುರುಕಿ, ಆಮೇಲೆ ಹೊಳೆಗಾ?”

ಮುದುಕ ಮತ್ತೆ ವಾಷರುಗಳ ಕಡೆಗೇ ತಿರುಗಿದ. ಠಾಣೆಗೆ ಕರೆತಂದರು. ಒಪ್ಪಿಕೊಂಡ ಮೇಲೆ ಇನ್ನೇನು, ಬರೆದು ಒಳಗೆ ಹಾಕುವುದೇ ಎಂದು ದಫೇದಾರರು ಕಾಗದ ಜೋಡಿಸತೊಡಗಿದರು. ಇನ್ಸ್‌ಪೆಕ್ಟರ್ ತಡೆದರು.

“ಮೇಸ್ತ್ರಿ, ಆ ಎರಡನ್ನ ಹೊಂದಿಸೋದು ಅಷ್ಟು ಕಷ್ಟವಾ?”

ಮುದುಕನ ಮುಖಕ್ಕೆ ಮೊದಲ ಸಲ ಕಳೆ ಬಂತು. “ಅವಳಿ ಮಕ್ಕಳಿದ್ದ ಹಾಗೆ ಸ್ವಾಮಿ. ಒಂದು ಜಾಸ್ತಿ ಉಸಿರೆಳೆದ್ರೆ ಇನ್ನೊಂದು ಕೆಮ್ಮುತ್ತೆ. ಎರಡೂ ಒಂದೇ ಸಮ ಎಳೀಬೇಕು. ಈ ಥರ ಗಾಡಿ ಇಟ್ಕೊಂಡೋರೆಲ್ಲ ಸಾಕಪ್ಪಾ ಅಂತ ಕಿತ್ತು ಬೇರೆ ಹಾಕಿಸಿದಾರೆ.”

“ಹೇಗೆ ಗೊತ್ತಾಗುತ್ತೆ, ಒಂದೇ ಸಮ ಅಂತ?”

“ರಬ್ಬರ್ ಕೊಳವೆ. ಒಂದು ತುದಿ ಕಾರ್ಬ್ಯುರೇಟರ್ ಬಾಯಿಗೆ, ಇನ್ನೊಂದು ಕಿವಿಗೆ. ‘ಸುಯ್’ ಅನ್ನೋದು ಎರಡರಲ್ಲೂ ಒಂದೇ ಥರ ಬರಬೇಕು. ಕೂದಲಷ್ಟು ತಿರುಗಿಸೋದು, ಕೇಳೋದು. ಹೋದ ತಿಂಗಳು ಕೊಳ್ಳೋರ ಕಡೆಯವನು ಬಂದಾಗ, ಓಡ್ತಿರೋ ಇಂಜಿನ್ ಮೇಲೆ ನಾಣ್ಯ ನಿಲ್ಲಿಸಿ ತೋರ್ಸಿದ್ದೆ. ಅಲುಗಲಿಲ್ಲ.”

ಮುದುಕನ ಕಣ್ಣು ತಮ್ಮ ತುಟಿ ಬಿಟ್ಟು ಕದಲದ್ದನ್ನು ಗಮನಿಸಿದ ಇನ್ಸ್‌ಪೆಕ್ಟರ್ ಎದ್ದು ಕಿಟಕಿಯ ಕಡೆ, ಅವನ ಬೆನ್ನ ಹಿಂದೆ ನಡೆದರು. “ಮೇಸ್ತ್ರಿ, ಊಟ ಆಯ್ತಾ?”

ಉತ್ತರವಿಲ್ಲ.

“ಮೇಸ್ತ್ರಿ, ನಿಮ್ಮ ಜೇಬಿಗೆ ಬೆಂಕಿ ಹತ್ತಿದೆ.”

ಮುದುಕ ನೆಟ್ಟಗೆ ಗೋಡೆ ನೋಡುತ್ತ ಕೂತಿದ್ದ. ದಫೇದಾರರ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಇಷ್ಟು ಹೊತ್ತೂ ಅವನು ತುಟಿ ಓದಿ ಉತ್ತರ ಕೊಡುತ್ತಿದ್ದ.

ಇನ್ಸ್‌ಪೆಕ್ಟರ್ ಮತ್ತೆ ಎದುರಿಗೆ ಬಂದು ಕೂತರು. “ಎಷ್ಟು ವರ್ಷವಾಯ್ತು ಕೇಳಿಸದೆ?”

ಮುದುಕ ಮೇಜಿನ ಮೇಲೆ ಅಂಗೈ ಊರಿದ. “ಒಂಬತ್ತು. ಯಜಮಾನರಿಗೆ ಹೇಳಬೇಡಿ ಸ್ವಾಮಿ. ಕಿವುಡನ ಕೈಗೆ ಗಾಡಿ ಯಾರು ಕೊಡ್ತಾರೆ?”

“ಹಾಗಾದ್ರೆ ಕೊಳವೆ ಯಾರ ಕಿವೀಲಿರುತ್ತೆ?”

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಈ ಸಲ ಕೇಳಿಸದೆ ಅಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನೂ ಕರೆದುಕೊಂಡು ಮತ್ತೆ ಯಜಮಾನರ ಮನೆಗೆ ಹೋದರು.

“ಮೇಸ್ತ್ರಿ ಗಾಡಿ ಸರ್ವಿಸ್ ಮಾಡುವಾಗ ಶೆಡ್ಡಲ್ಲಿ ಇನ್ಯಾರಿರ್ತಾರೆ?”

“ಯಾರೂ ಇಲ್ಲ. ನನ್ನ ತಂಗಿ ಟೀ ಕೊಟ್ಟು ಬರ್ತಾಳೆ, ಅಷ್ಟೇ.”

“ಎಷ್ಟು ಹೊತ್ತು ಇರ್ತಾರೆ ಅಲ್ಲಿ?”

ಯಜಮಾನರು ಯೋಚಿಸಿದರು. “ಒಂದು... ಎರಡು ಗಂಟೆ.”

“ಎರಡು ಗಂಟೆ ಟೀನಾ ಸಾರ್? ಎಲೆ ಕಿತ್ತು ಒಣಗಿಸ್ತಾರಾ?” ಎಂದರು ದಫೇದಾರರು.

ತಂಗಿ ಹಿಂದಿನ ಕೋಣೆಯಲ್ಲಿ ಪರದೆಯ ಅಂಚು ಹೊಲಿಯುತ್ತಿದ್ದರು. ಅರವತ್ತೊಂದು ವರ್ಷ, ಮದುವೆಯಾಗಿಲ್ಲ. ಅಪ್ಪನ ಕೊನೆಗಾಲ ನೋಡಿಕೊಂಡು ಅಲ್ಲೇ ಉಳಿದವರು. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಕೇಳಿದರು.

“ಎರಡರಲ್ಲಿ ಯಾವುದಮ್ಮ ಜಾಸ್ತಿ ಕಾಟ ಕೊಡೋದು?”

“ಹಿಂದಿನದು,” ಎಂದರು ಆಕೆ, ಸೂಜಿಯಿಂದ ಕಣ್ಣೆತ್ತದೆ. “ಬಿಸಿಯಾದ್ರೆ ಮೊಂಡು ಹಿಡಿಯುತ್ತೆ.” ಆಮೇಲೆ ಕೈ ನಿಂತಿತು.

ಅಣ್ಣ ಬಾಯಿ ತೆರೆದು ನೋಡಿದರು. “ನಿನಗೇನೇ ಗೊತ್ತು ಅದೆಲ್ಲ?”

“ಮೇಸ್ತ್ರಿ ತಾನೇ ಕದ್ದೆ ಅಂತ ಒಪ್ಪಿಕೊಂಡಿದಾರೆ,” ಎಂದರು ಇನ್ಸ್‌ಪೆಕ್ಟರ್. “ಠಾಣೇಲಿದ್ದಾರೆ.”

“ಅವರಿಗೇನು ತಲೆ ಕೆಟ್ಟಿದೆಯಾ!” ಆಕೆ ದಡಬಡಿಸಿ ಎದ್ದು ಹೊಲಿಗೆ ಯಂತ್ರದ ಪೆಟ್ಟಿಗೆ ತೆರೆದರು. ಹಳೇ ಹತ್ತಿ ಸೀರೆಯಲ್ಲಿ ಸುತ್ತಿದ ಎರಡು ಗಂಟು. “ಓರೆ ಮಾಡಬೇಡಿ. ನೆಟ್ಟಗೆ ಹಿಡ್ಕೊಳ್ಳಿ.” ಕಾನ್‌ಸ್ಟೆಬಲ್ ಹಸುಗೂಸನ್ನು ಹಿಡಿದಂತೆ ಹಿಡಿದುಕೊಂಡಳು. ಎರಡು ನಲವತ್ತಕ್ಕೆ ಅವನ್ನು ವಶಪಡಿಸಿಕೊಂಡ ಬಗ್ಗೆ ಪಂಚನಾಮೆಗೆ ಸಹಿ ಬಿತ್ತು.

“ಯಾಕಮ್ಮ?”

“ನಿನ್ನೆ ನಾಲ್ಕು ಗಂಟೆಗೆ ತೆಗೆದೆ. ಅಣ್ಣ ಛಾಪಖಾನೇಲಿದ್ದ. ಕಾರು ಅವನದು, ಮಾರ್ಲಿ ಬಿಡ್ಲಿ. ಮೊನ್ನೆ ಮೇಸ್ತ್ರಿ, ‘ಇದು ಹೋದ್ಮೇಲೆ ನಾನು ಬರೋಕೆ ಕಾರಣ ಇರಲ್ಲ’ ಅಂದ್ರು.” ಆಕೆ ಪೆಟ್ಟಿಗೆ ಮುಚ್ಚಿದರು. “ಈ ಮನೇಲಿ ಟೀ ಆಯ್ತಾ, ಊಟ ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ನಿಮಗೇನು ಕೇಳಿಸ್ತಿದೆ ಅಂತ ಕೇಳೋರು ಅವರೊಬ್ರೇ. ನಾನು ಹೇಳಿದ್ರೆ ಅವರು ಸ್ಕ್ರೂ ತಿರುಗಿಸ್ತಿದ್ರು. ನನ್ನ ಮಾತಿನ ಮೇಲೆ ಇಂಜಿನ್ ಓಡ್ತಿತ್ತು.”

“ದೂರು ವಾಪಸ್ ತಗೋತೀನಿ,” ಎಂದರು ಯಜಮಾನರು. ದನಿ ಇಳಿದಿತ್ತು.

“ಎಫ್‌ಐಆರ್ ಆಗಿದೆ. ರಾಜಿಯಾದ್ರೂ ಇನ್ನು ಕೋರ್ಟಿನ ಮುಂದೇನೇ.”

ಮೂರೂವರೆಗೆ ಠಾಣೆಯಲ್ಲಿ ಆಕೆಯ ಬಂಧನದ ಪತ್ರ ಬರೆದರು. ಮೇಸ್ತ್ರಿಯನ್ನು ಆಗಲೇ ಮನೆಗೆ ಕಳಿಸಿಯಾಗಿತ್ತು. ಸಂಜೆಯೊಳಗೆ ಜಾಮೀನು ಆಗುತ್ತದೆ ಎಂದು ಇನ್ಸ್‌ಪೆಕ್ಟರ್ ಆಕೆಗೆ ಮೊದಲೇ ಹೇಳಿದ್ದರು. ಕೇಸ್ ಡೈರಿಯಲ್ಲಿ ಕಾರಣ ಎಂಬಲ್ಲಿ ‘ಲಾಭದ ಉದ್ದೇಶ ಕಂಡುಬಂದಿಲ್ಲ’ ಎಂದಷ್ಟೇ ಬರೆದರು. ಅದಕ್ಕಿಂತ ಹೆಚ್ಚಿನದಕ್ಕೆ ಆ ಪುಸ್ತಕದಲ್ಲಿ ಭಾಷೆ ಇರಲಿಲ್ಲ.

“ಬಂಧನದ ವಿಷಯ ಯಾರಿಗೆ ತಿಳಿಸ್ಬೇಕಮ್ಮ?” ದಫೇದಾರರು ಕೇಳಿದರು. “ಅಣ್ಣಂಗೆ ಅಂತ ಹಾಕ್ಲಾ?”

ಅಣ್ಣ ಬಾಗಿಲ ಬಳಿಯೇ ನಿಂತಿದ್ದರು.

“ಮೇಸ್ತ್ರಿಗೆ,” ಎಂದರು ಆಕೆ.

“ಏನಾಗ್ಬೇಕು ಅವರು ನಿಮಗೆ? ಸಂಬಂಧ ಬರೀಬೇಕು.”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಒಟ್ಟಿಗೆ ಕೆಲಸ ಮಾಡ್ತೀವಿ.”

ದಫೇದಾರರು ತಮಾಷೆ ಮಾಡಲಿಲ್ಲ. ‘ಸಹೋದ್ಯೋಗಿ’ ಎಂದು ಬರೆದು, ಶಾಯಿ ಆರಲೆಂದು ಕಾಗದವನ್ನು ಆಕೆಯ ಕಡೆಗೆ ತಿರುಗಿಸಿ ಇಟ್ಟರು.