ರಾಯ್ಸ್ಟನ್‌ನ ಮೊದಲ ಹೆಂಡತಿ

ಹೊರಗೆ ಇಬ್ಬರು. ಒಳಗೆ ನಾನೊಬ್ಬಳೇ!

ಒಳಗೆ ಅಂದರೆ ಎಲ್ಲಿ ಅಂತೀರಾ? ಇಗರ್ಜಿಯ ಪಾಪನಿವೇದನೆಯ ಪೆಟ್ಟಿಗೆಯಲ್ಲಿ. ಪಾಪ ಹೇಳಿಕೊಳ್ಳುವವರು ಮೊಣಕಾಲೂರುವ ಕಡೆ ಅಲ್ಲ... ಪಾದ್ರಿ ಕೂರುವ ಕಡೆ! ಅವಸರದಲ್ಲಿ ಯಾವ ಬಾಗಿಲು ಸಿಕ್ಕಿತೋ ಅದಕ್ಕೆ ನುಗ್ಗಿದ್ದೆ.

ಕತ್ತಲು. ಹಳೇ ಮರದ ವಾಸನೆ. ಬೆಳಗಿನಿಂದ ರಿಜಿಸ್ಟರ್ ಧೂಳು ಕುಡಿದು ಗಂಟಲು ಕಟ್ಟಿತ್ತು. ಈಗೊಂದು ಸೀನು ಬಂದರೆ ನನ್ನ ಕತೆ ಮುಗಿದ ಹಾಗೆ.

ಬೂಟಿನ ಸದ್ದು ಹತ್ತಿರ ಬಂತು. ನಿಂತಿತು.

“ಈ ಕಡೆಗೇ ಬಂದಳು. ನೀನು ಹಿಂದಿನ ಬಾಗಿಲು ನೋಡು!”

ಒಬ್ಬ ಓಡಿದ. ಇನ್ನೊಬ್ಬ ಉಳಿದ. ಉಳಿದವನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು...

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ನಾನು ಯಾರು ಅಂತ ಗೊತ್ತಿಲ್ಲದೆ ನೀವಾದರೂ ಯಾಕೆ ಹೆದರಬೇಕು?

ನಾನು ವಿನೋದಿನಿ. ಊರು ಮೈಸೂರು. ಇರುವುದು ನೈರೋಬಿಯ ಕಿಲಿಮಾನಿಯಲ್ಲಿ. ಗಂಡನ ಟೆಲಿಕಾಂ ಕೆಲಸದ ಬಾಲ ಹಿಡಿದು ಬಂದವಳು. ಗಂಡ ದುಬೈಗೆ ಟ್ರಾನ್ಸ್‌ಫರ್ ಆದ. ನಾನು ಆಗಲಿಲ್ಲ! ನನ್ನ ಕೆಲಸ ಸತ್ತವರನ್ನು ಹುಡುಕುವುದು. ಒಬ್ಬರಿಗೆ ಪಾಸ್‌ಪೋರ್ಟಿಗೆ ಮುತ್ತಾತ ಬೇಕು, ಇನ್ನೊಬ್ಬರಿಗೆ ಆಸ್ತಿಗೆ ಅಜ್ಜಿ ಬೇಕು. ಹಳೇ ಜನಗಣತಿ ಹಾಳೆ, ಇಗರ್ಜಿಯ ಜ್ಞಾನಸ್ನಾನದ ರಿಜಿಸ್ಟರು, ಮದುವೆಯ ರಿಜಿಸ್ಟರು... ಎಲ್ಲಿ ಅಡಗಿದ್ದರೂ ಎಳೆದು ತರುತ್ತೇನೆ. ಸತ್ತವರು ಪಾಪ ಒಳ್ಳೆಯವರು. ಓಡುವುದಿಲ್ಲ, ರಾಡ್ ಎತ್ತುವುದಿಲ್ಲ. ತಲೆನೋವು ಏನಿದ್ದರೂ ಮೊಮ್ಮಕ್ಕಳದು.

ಈ ಕೇಸು ಕೊಟ್ಟವರು ಚಕ್ರಪಾಣಿ. ಬೆಂಗಳೂರಿನಿಂದ ಬ್ಯಾಂಕ್ ಪೋಸ್ಟಿಂಗ್ ಮೇಲೆ ಬಂದು, ಬ್ಯಾಂಕ್ ಬಿಟ್ಟು, ಅಪಾರ್ಟ್‌ಮೆಂಟ್ ಕಟ್ಟಲು ಶುರು ಮಾಡಿದವರು. ನಮ್ಮ ರಾಜ್ಯೋತ್ಸವದಲ್ಲಿ ಮುಂದಿನ ಸಾಲಿನ ಸೋಫಾ ಅವರದೇ. ಅವರ ಕಣ್ಣು ಬಿದ್ದದ್ದು ರಿವರ್‌ಸೈಡ್‌ನ ಒಂದು ಹಳೇ ಕಲ್ಲಿನ ಬಂಗಲೆಯ ಮೇಲೆ. ಮಂಗಳೂರಿನಿಂದ ರೈಲ್ವೆ ಗುಮಾಸ್ತನಾಗಿ ಬಂದ ರಾಯ್ಸ್ಟನ್ ಕಟ್ಟಿಸಿದ ಮನೆ. ಈಗ ಅಲ್ಲಿರುವುದು ಅವನ ಮೊಮ್ಮಗ ಡೆಂಜಿಲ್, ರೊಟ್ಟಿ-ಬನ್ನಿನ ಅಂಗಡಿಯವನು.

“ಆ ರಾಯ್ಸ್ಟನ್‌ಗೆ ಇಬ್ರು ಹೆಂಡ್ತೀರು ಕಣಮ್ಮ,” ಎಂದಿದ್ದರು ಚಕ್ರಪಾಣಿ. “ಮೊದಲ್ನೋಳು ಬದುಕಿರೋವಾಗ್ಲೇ ಇನ್ನೊಬ್ಳನ್ನ ಕಟ್ಕೊಂಡ. ಡೆಂಜಿಲ್ ಆ ಎರಡ್ನೇಯೋಳ ಮೊಮ್ಮಗ. ಆ ಮದ್ವೇನೇ ಲೀಗಲ್ ಅಲ್ಲ ಅಂದ್ಮೇಲೆ ಮನೆ ಹೇಗೆ ಅವನ್ದಾಗತ್ತೆ? ಮೊದಲ್ನೋಳ ಕಡೆಯೋರ ಹತ್ರ ನಾನು ಜಾಗ ಬರೆಸ್ಕೊಂಡಿದೀನಿ. ಚರ್ಚ್ ರಿಜಿಸ್ಟರಲ್ಲಿ ಮೊದಲ್ನೇ ಮದ್ವೆ ಎಂಟ್ರಿ ಇದೆಯಂತೆ. ನೀವು ಇಂಡಿಪೆಂಡೆಂಟಾಗಿ ಹುಡುಕಿ ರಿಪೋರ್ಟ್ ಕೊಡಿ. ಸೋಮವಾರ ಕೋರ್ಟು.”

“ಡೆಂಜಿಲ್ ಹೇಗೆ ಸಾರ್?”

“ರೌಡಿ! ಹುಷಾರು. ಅವನ ಹುಡುಗ್ರು ಎಲ್ಲಾ ಕಡೆ ಇದಾರೆ.”

ಶುಕ್ರವಾರ ಬೆಳಗ್ಗೆ ಇಗರ್ಜಿಯ ಆಫೀಸಿನಲ್ಲಿ ಕೂತೆ. ಮದುವೆಯ ರಿಜಿಸ್ಟರ್ ತೆಗೆದೆ. ಇತ್ತು! 1935, ಏಪ್ರಿಲ್ 19. ರಾಯ್ಸ್ಟನ್‌ಗೆ ಯಾರೋ ಒಬ್ಬ ಹೆಂಗಸಿನ ಜೊತೆ ಮದುವೆ. ಪುಟದ ಕೆಳಗೆ, ಕೊನೆಯ ಸಾಲು. ಫೋಟೋ ತೆಗೆದುಕೊಂಡೆ.

ಆದರೆ ನನಗೊಂದು ಚಾಳಿ. ಬೇಕಾದದ್ದು ಸಿಕ್ಕ ಮೇಲೂ ಹಿಂದೆ ಮುಂದೆ ಹತ್ತು ವರ್ಷ ತಿರುವಿ ಹಾಕುತ್ತೇನೆ. ತಿರುವಿದೆ. ಪ್ರತಿ ವರ್ಷವೂ ಜನವರಿಯಲ್ಲಿ ಮದುವೆಗಳು ಕಿಕ್ಕಿರಿದಿವೆ. ಆಮೇಲೆ ಕೆಲವು ವಾರ ಒಂದೂ ಇಲ್ಲ, ಭಣಭಣ. ಆಮೇಲೆ ಮತ್ತೆ ಮದುವೆಯೋ ಮದುವೆ. ಎಲ್ಲಾ ವರ್ಷವೂ ಇದೇ ಕತೆ. ಆ ಭಣಭಣದ ನಡುವೆ ಮದುವೆಯಾದ ಗಂಡು ಇಡೀ ರಿಜಿಸ್ಟರಿನಲ್ಲಿ ಒಬ್ಬನೇ.

ರಾಯ್ಸ್ಟನ್!

ಯಾಕೆ ಅಂತ ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಆಫೀಸಿನ ಹೆಂಗಸು ಬೀಗದ ಕೈ ನನಗೇ ಒಪ್ಪಿಸಿ ಬ್ಯಾಂಕಿಗೆ ಹೋಗಿದ್ದಳು. ಚಕ್ರಪಾಣಿಗೆ ಫೋನ್ ಮಾಡಿದೆ.

“ಸಾರ್, ಎಂಟ್ರಿ ಸಿಕ್ತು. ಆದ್ರೆ ಆ ಡೇಟಲ್ಲಿ ಏನೋ ತಕರಾರಿದೆ. ಪಾದ್ರಿಗಳನ್ನೇ ಕೇಳ್ಬಿಡ್ತೀನಿ.”

ಚಕ್ರಪಾಣಿಯವರ ದನಿ ಏರಿತು.

“ಯಾರನ್ನೂ ಕೇಳ್ಬೇಡಿ! ಅಲ್ಲೇ ಇರಿ. ಕಾರ್ ಕಳಿಸ್ತೀನಿ.”

ಕಾದೆ. ಮಧ್ಯಾಹ್ನವಾಯಿತು. ಕಾರು ಬರಲಿಲ್ಲ. ರಾಡ್ ಬಂತು! ಡೆಂಜಿಲ್‌ನ ಹುಡುಗರು ಅಂದುಕೊಂಡು ಓಡಿದೆ, ಪೆಟ್ಟಿಗೆಗೆ ನುಗ್ಗಿದೆ. ಈಗ ಕತೆ ಎಲ್ಲಿ ನಿಂತಿತ್ತೋ ಅಲ್ಲಿಗೆ ಬಂದೆವು.

ಜಾಲರಿಯ ಆಚೆ ನೆರಳು ಬಗ್ಗಿತು.

“ಫಾದರ್...?”

ಅವನ ಸ್ವಾಹಿಲಿ-ಇಂಗ್ಲಿಷ್ ಕಲಸುಮೇಲೋಗರವನ್ನು ನಿಮಗೆ ಕನ್ನಡದಲ್ಲೇ ಬಡಿಸುತ್ತೇನೆ.

ಏನು ಮಾಡಲಿ? ಕಟ್ಟಿದ ಗಂಟಲಿನಲ್ಲೇ ಪಿಸುಗುಟ್ಟಿದೆ. “ಹೇಳು ಮಗನೇ.”

“ಇಲ್ಲಿ ಒಬ್ಬ ಇಂಡಿಯನ್ ಮೇಡಂ ಬಂದಳಾ?”

“ಇದು ವಿಚಾರಣೆಯ ಜಾಗ ಅಲ್ಲ. ಕೊನೆಯ ಸಲ ಪಾಪನಿವೇದನೆ ಮಾಡಿದ್ದು ಯಾವಾಗ?”

ರಾಡ್ ನೆಲಕ್ಕೆ ತಾಗಿದ ಸದ್ದು. ಮೊಣಕಾಲು ಮರಕ್ಕೆ ತಾಗಿದ ಸದ್ದು. ಆಸಾಮಿ ಕೂತೇ ಬಿಟ್ಟ!

“ಬಹಳ ವರ್ಷ ಆಯಿತು ಫಾದರ್. ನಾನು ಬೋನಿಫೇಸ್. ಆ ಮೇಡಂನ ಹೆದರಿಸಬೇಕು, ಫೋನ್ ಕಿತ್ತುಕೊಳ್ಳಬೇಕು. ಅಷ್ಟೇ. ಹೊಡೆಯುವುದಿಲ್ಲ. ಬಹುಶಃ.”

“ಬಹುಶಃ?!”

“ಬೆಳಗ್ಗೆಯೇ ಮುಗಿಸುತ್ತಿದ್ದೆವು ಫಾದರ್. ಗೇಟಿನಲ್ಲೇ ಇದ್ದೆವು. ಬಾಸ್ ತಡೆದ. ಹನ್ನೆರಡರವರೆಗೆ ಅವಳನ್ನು ಮುಟ್ಟಬೇಡಿ ಅಂದ. ಶುಕ್ರವಾರ ಆ ಹೊತ್ತು ಕೆಟ್ಟದ್ದಂತೆ. ಯಾವುದೋ ಹಾವು ಸೂರ್ಯನನ್ನು ನುಂಗುತ್ತದಂತೆ...”

ನನ್ನ ಬೆನ್ನು ನೆಟ್ಟಗಾಯಿತು.

ರಾಹುಕಾಲ!

ರೊಟ್ಟಿ ಅಂಗಡಿಯ ಕ್ಯಾಥೊಲಿಕ್ ಡೆಂಜಿಲ್ ರಾಹುಕಾಲ ನೋಡಿ ರೌಡಿ ಬಿಡುತ್ತಾನೆಯೇ? ನೈರೋಬಿಯಲ್ಲಿ ಹಾಗೆ ನೋಡುವ ಗಿರಾಕಿ ನನಗೆ ಗೊತ್ತಿರುವುದು ಒಬ್ಬನೇ. ನನಗೆ ಈ ಕೇಸು ಕೊಡುವಾಗಲೂ ಮೊಬೈಲಿನ ಪಂಚಾಂಗ ತಡಕಾಡಿ, “ಒಂದೈದು ನಿಮಿಷ ತಡೀರಿ, ಆಮೇಲೆ ಕೈ ಕುಲುಕೋಣ” ಎಂದಿದ್ದವನು. ಚಕ್ರಪಾಣಿ. ಇಲ್ಲಿಂದ ಮುಂದೆ ಅವನಿಗೆ ಬಹುವಚನ ಬಂದ್!

“ಮಾತೆಯ ಪೀಠದ ಮುಂದೆ ಹೋಗು,” ಎಂದೆ. “ಕಣ್ಣು ಮುಚ್ಚಿ ಐವತ್ತು ಸಲ ಪ್ರಾರ್ಥನೆ.”

“ಐವತ್ತಾ ಫಾದರ್?”

“ರಾಡ್ ತಂದಿದ್ದೀಯ. ನೂರು!”

“ರಾಡ್ ಕಾಣಿಸಿತಾ ನಿಮಗೆ?”

“ನಮಗೆ ಎಲ್ಲಾ ಕಾಣಿಸುತ್ತದೆ.”

ಹೋದ. ಕಣ್ಣು ಮುಚ್ಚಿದ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಜಾಗ ಖಾಲಿ ಮಾಡಿದೆ.

ರಸ್ತೆಗೆ ಬಂದವಳೇ ಡೆಂಜಿಲ್ ಮನೆಗೆಂದು ವೆಸ್ಟ್‌ಲ್ಯಾಂಡ್ಸ್ ಕಡೆಯ ಮಟಾಟು, ಅಂದರೆ ಇಲ್ಲಿನ ಮಿನಿಬಸ್ಸು, ಹತ್ತಿದೆ. ಒಳಗೆ ಕಿವಿ ಹರಿಯುವ ಹಾಡು, ಮುಂದೆ ಬಂಪರಿಗೆ ಬಂಪರ್ ಟ್ರಾಫಿಕ್. ಹಿಂದಿನ ಗಾಜಿನಲ್ಲಿ ನೋಡಿದೆ. ಹಿಂಬಾಗಿಲು ಕಾಯುತ್ತಿದ್ದವನು ನನ್ನನ್ನು ನೋಡಿಬಿಟ್ಟಿದ್ದ! ಇಬ್ಬರೂ ಒಂದು ಬೈಕಿನ ಮೇಲೆ... ಕಾರುಗಳ ಸಂದಿಯಲ್ಲಿ ನುಗ್ಗಿ ಬರುತ್ತಿದ್ದಾರೆ.

“ಓಡಿಸಪ್ಪ!” ಎಂದೆ ಡ್ರೈವರಿಗೆ.

“ಎಲ್ಲಿಗೆ ಮೇಡಂ? ಮೇಲಕ್ಕಾ?”

ಅವನು ಹೇಳಿದ್ದೂ ಸರಿಯೇ. ಇಂಚೂ ಜಾಗವಿಲ್ಲ. ಬೈಕ್ ಪಕ್ಕಕ್ಕೆ ಬಂತು. ಬೋನಿಫೇಸ್ ಓಡುವ ಅಗತ್ಯವೂ ಇಲ್ಲದೆ ನಿಂತ ಮಟಾಟುವಿಗೆ ಆರಾಮವಾಗಿ ಹತ್ತಿದ. ರಾಡ್ ಸಮೇತ. ನನ್ನ ಬ್ಯಾಗಿಗೆ ಕೈ ಹಾಕಿದ.

“ಬಿಡೋ!” ಎಂದೆ.

ಆ ಕಟ್ಟಿದ ಗಂಟಲು ಕೇಳಿದ್ದೇ ತಡ, ಅವನ ಕೈ ಗಾಳಿಯಲ್ಲೇ ನಿಂತಿತು. ಮುಖದ ಬಣ್ಣ ಇಳಿಯಿತು.

“ಫಾ... ಫಾದರ್?!”

“ನೂರು ಮುಗೀತಾ?”

“ಇಲ್ಲ... ಮೂವತ್ತು... ಅಯ್ಯೋ ದೇವರೇ! ಹೆಂಗಸಿಗೆ ಪಾಪ ಹೇಳಿಕೊಂಡೆನಾ ನಾನು?!”

ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದ ದಪ್ಪ ಅಜ್ಜಿಯೊಬ್ಬಳು ಕೂತಿದ್ದಳು. ರಾಡ್ ನೋಡಿದಳು. ನನ್ನನ್ನು ನೋಡಿದಳು. ಎದ್ದಳು. ಅಷ್ಟೇ ಸಾಕಾಯಿತು! “ನಿನ್ನ ತಾಯಿ ಯಾರೋ? ಯಾವ ಇಗರ್ಜಿಯೋ ನಿಂದು?” ಎಂದು ಅವನ ಕಿವಿ ಹಿಡಿದಳು. ಹಿಂದಿನ ಸೀಟಿನವರೂ ಎದ್ದರು. ಕಂಡಕ್ಟರ್ ರಾಡ್ ಕಸಿದ. ಹೊರಗಿದ್ದ ಬೈಕಿನವನು ಪರಿಸ್ಥಿತಿ ನೋಡಿ ಮಾಯವಾದ.

“ಬೋನಿಫೇಸ್,” ಎಂದೆ ನಿಧಾನವಾಗಿ. “ಪೆಟ್ಟಿಗೆಯಲ್ಲಿ ಕೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ಇಲ್ಲಿ ಪೆಟ್ಟಿಗೆ ಇಲ್ಲ. ಯಾರು ಕಳಿಸಿದ್ದು?”

“ಮಿಸ್ಟರ್ ಪಾಣಿ.”

“ಪುರಾವೆ?”

ಅಜ್ಜಿ ಕಿವಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಅವನು ಫೋನ್ ತೆಗೆದ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್. ಚಕ್ರಪಾಣಿಯ ದನಿಯೇ! ಅವನ ಬೆಂಗಳೂರು ಇಂಗ್ಲಿಷಿನಲ್ಲಿ ನನ್ನ ಹೆಸರು, ನಾನಿರುವ ಇಗರ್ಜಿ, ಹನ್ನೆರಡರ ಮೇಲೆ ಶುರು ಮಾಡಬೇಕೆಂಬ ಅಪ್ಪಣೆ... ಎಲ್ಲಾ ಇತ್ತು. ನನ್ನ ಫೋನಿಗೆ ಕಳಿಸಿಕೊಂಡೆ.

“ಅಸಾಂಟೆ ಮಾಮಾ,” ಎಂದು ಅಜ್ಜಿಗೆ ಕೈಮುಗಿದು ಇಳಿದೆ. ವೆಸ್ಟ್‌ಲ್ಯಾಂಡ್ಸ್ ಟ್ರಾಫಿಕ್ಕಿನಲ್ಲಿ ನಡೆಯುವವಳೇ ವೇಗದ ಗಾಡಿ.

ರಿವರ್‌ಸೈಡ್‌ನ ಬಂಗಲೆಯ ಬಾಗಿಲು ತೆರೆದ “ರೌಡಿ”ಗೆ ಅರವತ್ತು ದಾಟಿತ್ತು. ಏಪ್ರನ್ ಕಟ್ಟಿದ್ದರು. ಮೊಣಕೈವರೆಗೆ ಹಿಟ್ಟು. ಹಿಂದೆ ಹಜಾರದಲ್ಲಿ ರಟ್ಟಿನ ಪೆಟ್ಟಿಗೆಗಳು, ಗೋಡೆಯಿಂದ ಇಳಿಸಿದ ಫೋಟೋಗಳು. ಆಗಲೇ ಗಂಟುಮೂಟೆ ಕಟ್ಟುತ್ತಿದ್ದರು! ತಾಯಿ ಮಂಗಳೂರಿನವರಾದ್ದರಿಂದ ಡೆಂಜಿಲ್‌ಗೆ ಆ ಕಡೆಯ ಕನ್ನಡ ಚೆನ್ನಾಗಿ ಬರುತ್ತಿತ್ತು.

“ನೀವು ಅವರ ಕಡೆಯವರಲ್ವಾ? ಸೋಮವಾರದ ವರೆಗೆ ಸಹ ಬಿಡ್ಲಿಕ್ಕಿಲ್ವಾ?”

“ಕಡೆ ಬದಲಾಯಿಸಿದ್ದೀನಿ. ಒಳಗೆ ಬರಬಹುದಾ?”

ಕೂರಿಸಿದರು. ಬಿಸಿ ಬನ್ನು ತಂದಿಟ್ಟರು. ಹೊರಗೆ ಹಾಕಲು ಬಂದವಳಿಗೆ ಬನ್ನು! ಆಮೇಲೆ ನೆಲ ನೋಡುತ್ತಾ ಹೇಳಿದರು.

“ಮನೆ ಹೋದ್ರೆ ಹೋಗ್ಲಿ ಮಾರಾಯ್ರೆ. ನಾನು ಹುಟ್ಟಿದ್ದು ಆ ರೂಮಲ್ಲಿ, ಸಂಕಟ ಉಂಟು, ಆದ್ರೂ ತಡ್ಕೊಳ್ಬಹುದು. ಅವರ ಲಾಯರು ಕೋರ್ಟಲ್ಲಿ ನನ್ನ ಅಜ್ಜಿಯನ್ನು ಇಟ್ಟುಕೊಂಡವಳು ಅಂತ ಹೇಳಿದ್ರು. ಎಲ್ಲರ ಎದುರು. ಅದನ್ನು ಹೇಗೆ ಸಹಿಸೂದು?”

ಬನ್ನು ಕೆಳಗಿಟ್ಟೆ. ಸಿಟ್ಟು ನೆತ್ತಿಗೇರಿತು. ಆ ಮಾತಿಗೆ ಮುದ್ರೆ ಒತ್ತಲು ಹೊರಟಿದ್ದವಳು ನಾನೇ. ಫೋನ್ ತೆಗೆದು ಎಂಟ್ರಿಯ ಫೋಟೋ ತೋರಿಸಿದೆ.

“ಈ ತಾರೀಕಿನಲ್ಲಿ ಏನೋ ಇದೆ. ಈ ವಾರಗಳಲ್ಲಿ ಯಾರೂ ಮದುವೆಯಾಗಿಲ್ಲ. ಯಾಕೆ?”

“ಅದು ತಪಸ್ಸು ಕಾಲ ಅಲ್ವಾ? ಈಸ್ಟರ್‌ನ ಮೊದ್ಲು. ಆಗ ಮದುವೆ ಇಲ್ಲ ನಮ್ಮಲ್ಲಿ. ಅವರ ಲಾಯರು ಹೆಸರುಗಳನ್ನು ಟೈಪ್ ಮಾಡಿದ ನಕಲು ಮಾತ್ರ ತೋರ್ಸಿದ್ದು, ತಾರೀಕು ನಾನು ನೋಡ್ಲೇ ಇಲ್ಲ...” ಕನ್ನಡಕ ಸರಿಪಡಿಸಿಕೊಂಡರು. ತಮ್ಮ ಫೋನಿನಲ್ಲಿ 1935ರ ಕ್ಯಾಲೆಂಡರ್ ಹುಡುಕಿದರು. ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ.

ನಗುತ್ತಿದ್ದರು!

“ಗುಡ್ ಫ್ರೈಡೇ! ಮಾರಾಯ್ರೆ, ಇದು ಗುಡ್ ಫ್ರೈಡೇ! ಯೇಸುವನ್ನು ಶಿಲುಬೆಗೆ ಹಾಕಿದ ದಿವ್ಸ! ಆ ದಿನ ನಮ್ಮಲ್ಲಿ ಗಂಟೆ ಸಹ ಬಾರಿಸ್ಲಿಕ್ಕಿಲ್ಲ, ನನ್ನ ಅಜ್ಜ ಮದುವೆಯಾ? ಪಾದ್ರಿ ಓಡಿಸಿ ಹೊಡೀತಿದ್ರು!”

ಡೆಂಜಿಲ್ ತಮ್ಮ ವಕೀಲರಿಗೆ ಫೋನ್ ಹಚ್ಚಿದರು. ನಾನು ಫೋಟೋ, ವಾಯ್ಸ್ ಮೆಸೇಜ್ ಎರಡನ್ನೂ ಕಳಿಸಿದೆ. ವಕೀಲರು ಪೊಲೀಸರ ಕಡೆ ಹೊರಟರು. ನಾವಿಬ್ಬರು ವೆಸ್ಟ್‌ಲ್ಯಾಂಡ್ಸ್‌ಗೆ.

ಚಕ್ರಪಾಣಿಯ ಆಫೀಸು. ಗಾಜಿನ ಗೋಡೆ, ಗೋಡೆಗೆ ಗಣಪತಿ. ನನ್ನನ್ನು ನೋಡಿ ಬೆಚ್ಚಿದ. ಡೆಂಜಿಲ್‌ರನ್ನು ನೋಡಿ ನಕ್ಕ.

“ಏನ್ರೀ ವಿನೋದಿನಿ, ಪಾರ್ಟಿ ಚೇಂಜಾ? ಈ ಊರಲ್ಲಿ ಬಾಳ್ಬೇಕಾ ಬೇಡ್ವಾ ನೀವು? ನಿಮ್ಮ ಪರ್ಮಿಟ್ ಒಂದೇ ಫೋನಲ್ಲಿ ಹಾರಿಸ್ಬಿಡ್ತೀನಿ!”

ನಾನು ಫೋನನ್ನು ಮೇಜಿನ ಮೇಲೆ ಇಟ್ಟೆ. ರೆಕಾರ್ಡಿಂಗ್ ಓಡುತ್ತಿತ್ತು.

“ಪರ್ಮಿಟ್ ಇರ್ಲಿ ಸಾರ್. ಒಂದೇ ಡೌಟು. ಏಪ್ರಿಲ್ ಹತ್ತೊಂಬತ್ತು. ಅಂಥಾ ದರಿದ್ರ ದಿನ ಯಾರಾದ್ರೂ ಮದ್ವೆ ಇಡ್ತಾರಾ?”

“ದರಿದ್ರ?”

“ಮಹಾ ದರಿದ್ರ. ದಿನ ನೋಡೋಕೆ ಬರದೇ ಇರೋ ಯಾರೋ ಅಡ್ಡಕಸುಬಿ ಇಟ್ಟಿರೋದು.”

ಚಕ್ರಪಾಣಿಯ ಮುಖ ಕೆಂಪಾಯಿತು. ಕಳ್ಳ ಅಂದಿದ್ದರೆ ಸಹಿಸುತ್ತಿದ್ದನೇನೋ. ಪಂಚಾಂಗ ಬರುವುದಿಲ್ಲ ಅಂದರೆ?

“ರೀ! ಸೂರ್ಯ ಮೇಷಕ್ಕೆ ಬಂದಾಗಿದೆ! ಶುಕ್ರವಾರ! ಸ್ವಾತಿ ನಕ್ಷತ್ರ! ಇಡೀ ವರ್ಷ ಜಾಲಾಡಿ, ಅದಕ್ಕಿಂತ ಒಳ್ಳೇ ದಿನ ಸಿಗ್ದೇ, ನಾನೇ ಅಲ್ವಾ ಅದನ್ನ ಬರ್ಸಿದ್ದು...”

ನಿಲ್ಲಿಸಿದ.



ಸುಳ್ಳು ಮದುವೆಗೂ ಮುಹೂರ್ತ! ಇಲ್ಲದ ಹೆಣ್ಣನ್ನು, ಸತ್ತುಹೋದ ಗಂಡಿಗೆ, ತೊಂಬತ್ತು ವರ್ಷ ಹಿಂದಕ್ಕೆ ಹೋಗಿ ಗಂಟು ಹಾಕುವಾಗಲೂ ನಮ್ಮವನ ಕೈ ಅಭ್ಯಾಸಬಲದಿಂದ ಪಂಚಾಂಗಕ್ಕೇ ಹೋಗಿತ್ತು. ಇಗರ್ಜಿಯ ಕ್ಯಾಲೆಂಡರ್ ಅಂತ ಒಂದಿದೆ ಅನ್ನುವುದು ಹೊಳೆಯಲೇ ಇಲ್ಲ.

ಡೆಂಜಿಲ್ ಮೇಜಿನ ಹತ್ತಿರ ಬಂದರು. ಮೊಣಕೈಯಲ್ಲಿ ಇನ್ನೂ ಹಿಟ್ಟಿತ್ತು. ದನಿ ಎತ್ತಲಿಲ್ಲ.

“ನನ್ನ ಅಜ್ಜಿಯ ಹೆಸರು ಕೋರ್ಟಲ್ಲಿ ಸರಿ ಮಾಡ್ಬೇಕು. ಎಲ್ಲರ ಎದುರು ಹೇಳಿದ್ದು, ಎಲ್ಲರ ಎದುರೇ.”

ಚಕ್ರಪಾಣಿ ಅವರತ್ತ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಿದ್ದ. ಕುರ್ಚಿಯಲ್ಲಿ ಕುಸಿದಿದ್ದ.

“ನಮ್ಮೋರು ಅಂತ ನಂಬಿ ಕೆಲ್ಸ ಕೊಟ್ಟೆನಲ್ಲಮ್ಮ... ಕನ್ನಡದೋರಾಗಿ ಹೀಗಾ ಮಾಡೋದು?”

ಹೊರಗೆ ಲಿಫ್ಟ್ ಬಂದು ನಿಂತ ಸದ್ದಾಯಿತು. ಭಾರವಾದ ಬೂಟುಗಳು.

“ನಮ್ಮೋರು ಅಂತಾನೇ ಸಾರ್,” ಎಂದೆ, ಫೋನ್ ಎತ್ತಿಕೊಳ್ಳುತ್ತಾ, “ಪೊಲೀಸರಿಗಿಂತ ಮೊದ್ಲು ನಾನು ಬಂದು ಕನ್ನಡದಲ್ಲಿ ಕೇಳಿದ್ದು.”