ಒಂಬತ್ತು ಕೂಡಿಸಿದಾಗ

"ಹದಿನೈದಕ್ಕೆ ಒಂಬತ್ತು ಕೂಡಿಸಿದರೆ ಇಪ್ಪತ್ಮೂರು" ಎಂದಿತು ಶಿಷ್ಯಯಂತ್ರ. ಅದರ ಮುಂದೆ ಚಾಪೆಯ ಮೇಲೆ ಕೂತಿದ್ದ ಎಂಟು ವರ್ಷದ ಇಂಪನ ಹಣೆ ಚಚ್ಚಿಕೊಂಡಳು. ಷಡಕ್ಷರಪ್ಪ ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಎಂದೋ ಕೇಳಿದ ದನಿಯನ್ನು ಮತ್ತೆ ಕೇಳಿದವರಂತೆ ಕೂತಿದ್ದರು.

ತುಮಕೂರಿನ ಮನೆಪಾಠಗಳಲ್ಲಿ ಈಗ ಪಾಠ ಹೇಳುವವರು ಮಕ್ಕಳೇ, ಕಲಿಯುವುದು ಯಂತ್ರ. ಲೆಕ್ಕ ತಲೆಗೆ ಹತ್ತಬೇಕಾದರೆ ಅದನ್ನು ಇನ್ನೊಬ್ಬರಿಗೆ ಕಲಿಸಬೇಕು ಎಂಬುದು ಈ ಯಂತ್ರವನ್ನು ರೂಪಿಸಿದ ಡಾ. ತಸ್ನೀಮ್ ಅವರ ಸಿದ್ಧಾಂತ. ಆದರೆ ಬೇಕೆಂದೇ ತಪ್ಪು ಮಾಡುವ ಯಂತ್ರದ ನಾಟಕವನ್ನು ಮಕ್ಕಳು ಅರೆಗಳಿಗೆಯಲ್ಲಿ ಕಂಡುಹಿಡಿದುಬಿಡುತ್ತಾರೆ. ಹಾಗಾಗಿ ಆಕೆ ಹಳೆಯ ಮೇಷ್ಟ್ರುಗಳ ಮನೆ ಮನೆ ಸುತ್ತಿ, ಅಟ್ಟದಲ್ಲಿದ್ದ ಲೆಕ್ಕದ ನೋಟುಬುಕ್ಕುಗಳನ್ನು ಹೊತ್ತು ತಂದು, ನಿಜವಾದ ಮಕ್ಕಳ ನಿಜವಾದ ತಪ್ಪುಗಳಿಂದ ಒಂದು ದೋಷಕೋಶ ಕಟ್ಟಿದರು. ಯಂತ್ರ ಬರೀ ತಪ್ಪು ಉತ್ತರವನ್ನು ಒಪ್ಪಿಸುವುದಿಲ್ಲ. ಆ ಉತ್ತರದ ಜಾಡು ಹಿಡಿದು ಹಿಂದಕ್ಕೆ ನಡೆದು, ಆ ಮಗು ಹೇಗೆ ಯೋಚಿಸಿರಬಹುದೋ ಹಾಗೆಯೇ ಯೋಚಿಸುತ್ತದೆ. ಸರಿಯುತ್ತರ ಹೇಳಿಕೊಟ್ಟರೆ ಕೇಳಿಸಿಕೊಂಡು ಮರುದಿನ ಮತ್ತೆ ತಪ್ಪುತ್ತದೆ. ತಪ್ಪಿನ ಬೇರು ಸಿಕ್ಕಿದ ದಿನ ಮಾತ್ರ ಕಲಿಯುತ್ತದೆ, ಕಲಿತ ಮೇಲೆ ಆ ತಪ್ಪು ಕೋಶದಿಂದಲೇ ಅಳಿದುಹೋಗುತ್ತದೆ.

ಮೇಷ್ಟ್ರು ಕೊಟ್ಟ ಕಟ್ಟಿನಲ್ಲಿ ಅವರ ಮಗಳು ಮಂಗಳೆಯ ನೋಟುಬುಕ್ಕುಗಳೂ ಇದ್ದವು. ಮೂರನೆಯ ತರಗತಿಯಲ್ಲಿರುವಾಗ ಜ್ವರ ಬಂದು, ನಾಲ್ಕೇ ದಿನಕ್ಕೆ ಕಣ್ಮುಚ್ಚಿದ ಹುಡುಗಿ. ನಲವತ್ತೊಂದು ವರ್ಷವಾಯಿತು. ಒಂಬತ್ತು ಕೂಡಿಸುವಾಗ ಪ್ರತಿ ಸಲವೂ ಒಂದು ಕಡಿಮೆ ಬರೆಯುತ್ತಿದ್ದವಳು ಅವಳೊಬ್ಬಳೇ. ಯಂತ್ರದ ಬಾಯಲ್ಲಿ ಆ ಇಪ್ಪತ್ಮೂರನ್ನು ಮೊದಲ ಸಲ ಕೇಳಿದಾಗ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದುನಿಂತಿದ್ದರು. ಆಮೇಲೆ ಅದನ್ನು ಕೇಳದ ದಿನ ಅನ್ನ ರುಚಿಸದಾಯಿತು. ಹೆಂಡತಿಯೂ ಹೋದ ಮೇಲೆ ಮಗಳ ಹೆಸರೆತ್ತುವವರೇ ಇರಲಿಲ್ಲ. ಮನೆಯಲ್ಲಿ ಅವಳದು ಎನ್ನುವಂಥದ್ದು ಉಳಿದಿದ್ದು ಈ ಒಂದು ತಪ್ಪು.

ಆ ಶನಿವಾರ ತಸ್ನೀಮ್ ಬಂದರು. "ಮೇಷ್ಟ್ರೇ, ಈ ಒಂಬತ್ತರ ತಪ್ಪನ್ನ ಮೂರು ತಿಂಗಳಿಂದ ಒಂದು ಮಗೂಗೂ ತಿದ್ದಕ್ಕಾಗಿಲ್ಲ. ಯಂತ್ರದ್ದೇ ದೋಷ ಅಂತ ಕಾಣುತ್ತೆ. ಸೋಮವಾರ ಅಳಿಸಿಬಿಡ್ತೀನಿ."

"ಬೇಡಮ್ಮ."

"ಯಾಕೆ ಮೇಷ್ಟ್ರೇ?"

"ಅದು ನನ್ನ ಮಗಳದು" ಎಂದರು ಷಡಕ್ಷರಪ್ಪ. "ಅವಳದು ಅಂತ ಬೇರೇನೂ ಉಳಿದಿಲ್ಲ. ಇರ್ಲಿ ಬಿಡಿ."

ತಸ್ನೀಮ್ ಒಪ್ಪಿದರು. "ಹಾಗಾದ್ರೆ ನಾನು ಮುಟ್ಟಲ್ಲ. ಆದ್ರೆ ಮಕ್ಕಳೇ ಬೇರು ಹಿಡಿದ್ರೆ ನನ್ನ ಕೈಲೂ ತಡೆಯಕ್ಕಾಗಲ್ಲ."

ಐವತ್ತು ವರ್ಷ ಪಾಠ ಹೇಳಿದ ಮನುಷ್ಯ ಅಂದಿನಿಂದ, ಈ ಮಕ್ಕಳಿಗೆ ಹೊಳೆಯದಿರಲಿ ಎಂದು ದೇವರಿಗೆ ಕೈಮುಗಿಯತೊಡಗಿದರು. ಯಾರಾದರೂ ಒಂಬತ್ತರ ಹತ್ತಿರ ಹೋದರೆ "ಮಗ್ಗಿ ಹೇಳಿಸು, ಮಗ್ಗಿ" ಎಂದು ದಾರಿ ತಪ್ಪಿಸುತ್ತಿದ್ದರು. ಇಂಪನ ಒಬ್ಬಳು ಜಗ್ಗಲಿಲ್ಲ. ಶಾಲೆಯಲ್ಲಿ ದಡ್ಡಿ ಎನಿಸಿಕೊಂಡವಳಿಗೆ ತನಗಿಂತ ದಡ್ಡರು ಸಿಕ್ಕಿದ್ದು ಇದೇ ಮೊದಲು, ಬಿಡುತ್ತಾಳೆಯೇ?

"ಮೇಷ್ಟ್ರೇ, ಎಂಟು ಕೂಡಿಸಿದ್ರೂ ಇಪ್ಪತ್ಮೂರು ಅಂತೈತೆ, ಒಂಬತ್ತು ಕೂಡಿಸಿದ್ರೂ ಇಪ್ಪತ್ಮೂರು ಅಂತೈತೆ!"

"ಮಗ್ಗಿ ಹೇಳಿಸಮ್ಮ."

ಅವಳು ಕಿವಿಗೆ ಹಾಕಿಕೊಳ್ಳದೆ ಯಂತ್ರದತ್ತ ಬಾಗಿದಳು. "ಏಯ್, ಒಂಬತ್ತನ್ನ ಹೆಂಗೆ ಎಣಿಸ್ತೀಯ ಹೇಳು."

"ಬೆರಳಿಗೆ ಮೂರು ಗೆಣ್ಣು. ಮೂರು ಬೆರಳು ಮುಗಿದರೆ ಒಂಬತ್ತು" ಎಂದಿತು ಯಂತ್ರ.

"ಹಂಗಲ್ಲ. ಒಂದೊಂದೇ ಗೆಣ್ಣು ಮುಟ್ಟಿದಂಗೆ ಹೇಳು."

"ಕಿರುಬೆರಳಲ್ಲಿ ಹದಿನಾರು, ಹದಿನೇಳು, ಹದಿನೆಂಟು. ಉಂಗುರದ ಬೆರಳಲ್ಲಿ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ನಡುಬೆರಳಲ್ಲಿ ಇಪ್ಪತ್ತೆರಡು, ಇಪ್ಪತ್ಮೂರು. ಮುಗಿಯಿತು."

ಇಂಪನ ತನ್ನ ನಡುಬೆರಳನ್ನು ನೋಡಿಕೊಂಡಳು. ತುದಿಯನ್ನು ಮೆಲ್ಲಗೆ ಒಳಕ್ಕೆ ಮಡಚಿದಳು. "ಮೇಷ್ಟ್ರೇ! ಇದಕ್ಕೆ ಇಲ್ಲೊಂದು ಗೆಣ್ಣೇ ಇಲ್ಲ!"

ಮೇಷ್ಟ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮಂಗಳೆಗೆ ಐದು ವರ್ಷವಾಗಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಎಡಗೈಯ ನಡುಬೆರಳಿನ ತುದಿ ಹೋಗಿತ್ತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದವರು ಇವರೇ. ಆ ಬೆರಳೂ ಗೊತ್ತಿತ್ತು, ಆ ತಪ್ಪೂ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಲೆಕ್ಕದ ಮೇಷ್ಟ್ರಿಗೆ ಬಂದಿರಲಿಲ್ಲ. "ಮೇಷ್ಟ್ರ ಮಗಳಾಗಿ ಒಂಬತ್ತು ಬರಲ್ವಾ ನಿಂಗೆ?" ಎಂದು ಅದೇ ಕೈ ಚಾಚಿಸಿ ಸ್ಕೇಲಿನಲ್ಲಿ ಬಾರಿಸುತ್ತಿದ್ದರು. ತನ್ನ ಕೈಯಲ್ಲಿ ಇದ್ದಷ್ಟನ್ನೂ ಎಣಿಸಿದ ಮೇಲೂ ಏಟು ಯಾಕೆ ಬೀಳುತ್ತದೆ ಎಂಬುದು ಆ ಮಗುವಿಗೆ ಕೊನೆಯವರೆಗೂ ತಿಳಿಯಲೇ ಇಲ್ಲ.

"ತೋರುಬೆರಳಲ್ಲಿ ಇನ್ನೊಂದು ಗೆಣ್ಣು ತಗೋ" ಎಂದು ಇಂಪನ ಯಂತ್ರಕ್ಕೆ ಹೇಳಿಕೊಡುತ್ತಿದ್ದಳು. "ನಿನ್ ತಪ್ಪೇನಿಲ್ಲ, ಆಯ್ತಾ? ಬೆರಳು ಗಿಡ್ಡ, ಅಷ್ಟೇ."

ಅವಳನ್ನು ತಡೆಯಲೆಂದು ಮೇಷ್ಟ್ರು ಕೈ ಎತ್ತಿದರು. ಎತ್ತಿದ ಕೈ ಕಂಡು ತಮ್ಮ ಮೇಲೆ ತಮಗೇ ಹೇಸಿಗೆಯಾಗಿ ಕೆಳಗಿಳಿಸಿದರು.

"ಹದಿನೈದಕ್ಕೆ ಒಂಬತ್ತು ಕೂಡಿಸಿದರೆ ಇಪ್ಪತ್ನಾಲ್ಕು" ಎಂದಿತು ಯಂತ್ರ. ಇಂಪನ ಕುಣಿದಾಡಿದಳು. ಮೇಷ್ಟ್ರು ಅದೇ ಲೆಕ್ಕವನ್ನು ಇನ್ನೊಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ಪ್ರತಿ ಸಲವೂ ಉತ್ತರ ಸರಿಯಾಗಿತ್ತು. ಮಗಳು ಇನ್ನಿಲ್ಲ ಎಂಬುದು ಅವರಿಗೆ ಎರಡನೆಯ ಸಲ ಖಾತ್ರಿಯಾಯಿತು.

"ಮೇಷ್ಟ್ರೇ, ಮುಂಚೆ ಕಲಿಸ್ತಿದ್ದೋರು ಹೆಂಗೆ ಎಣಿಸ್ತೀಯ ಅಂತ ಇದನ್ನ ಕೇಳ್ಲೇ ಇಲ್ವಾ?"

"ಇಲ್ಲ ಕಣಮ್ಮ" ಎಂದರು ಮೇಷ್ಟ್ರು. "ಹೊಡೀತಿದ್ದೆ."