ಒಂದು ಸ್ಟಾಪ್ ಕಮ್ಮಿ

"ನಿಮ್ಮ ಮುಖಕ್ಕ ಒಂದು ಸ್ಟಾಪ್ ಕಮ್ಮಿ ಇಡ್ಬೇಕ್ರಿ ಮೇಡಂ. ಕಪ್ಪಗ ಅದೀರಲ್ಲ, ಅದಕ್ಕ."

ಅಷ್ಟು ಸಾಕಾಯಿತು. ಗದ್ದೆಮ್ಮನ ಸಿಟ್ಟು ನೆತ್ತಿಗೇರಿತು.

ಮಸ್ಕಿಯ ಗುಡ್ಡದ ಬುಡದಲ್ಲಿ ಲಿಂಗಸುಗೂರಿನ ಕ್ಯಾಮೆರಾ ಹವ್ಯಾಸಿಗಳು ಭಾನುವಾರ ಬೆಳಗ್ಗೆ ಸೇರಿದ್ದರು. ಹೊಸಬರಿಗೆ ಕಲಿಸಲು ಬಂದವನು ಮಸ್ಕಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಕನಕರಾಯ. ಎಂಬತ್ತೆಂಟನೆಯ ಇಸವಿ ಅದು. ಸ್ವಂತ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಹೆಣ್ಣುಮಗಳು ಎಂದರೆ ಆ ಸೀಮೆಯಲ್ಲಿ ಜನ ನಿಂತು ನೋಡುತ್ತಿದ್ದರು. ಹಾಗೆ ಎಲ್ಲರೂ ನೋಡುತ್ತಿದ್ದಾಗಲೇ ಈ ಮಹಾರಾಯ ಇಂಥ ಮಾತು ಒಗೆದಿದ್ದ.

"ಕಪ್ಪಗ ಅದೀನಂತ ಹೇಳಾಕ ನೀವ ಬರ್ಬೇಕಾಗಿತ್ತೇನ್ರಿ? ನಮ್ಮನ್ಯಾಗ ಕನ್ನಡಿ ಇಲ್ಲ ಅನ್ಕೊಂಡ್ರೇನು?"

ಅವಳ ಸಿಟ್ಟು ಇವತ್ತಿನದಲ್ಲ. ಗದ್ದೆಮ್ಮ ಸಿಂಧನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದನಿ ಕೇಳಿದವರೆಲ್ಲ ಬೆಳ್ಳಗಿನ ಹುಡುಗಿ ಎಂದೇ ತಿಳಿಯುತ್ತಿದ್ದರು. ಏನು ಲೆಕ್ಕವೋ ದೇವರಿಗೇ ಗೊತ್ತು! ಮದುವೆಗೆ ಗಂಡು ನೋಡಲು ಶುರುಮಾಡಿದಾಗ ಅಪ್ಪ ಅವಳನ್ನು ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದ. ಸ್ಟುಡಿಯೋದವನು ಮುಖಕ್ಕೆ ಪೌಡರ್ ಬಳಿಸಿ, ಕಣ್ಣು ಕುಕ್ಕುವ ಹಾಗೆ ಎರಡೂ ಕಡೆ ಲೈಟು ಬಿಟ್ಟು, ಸಾಲದ್ದಕ್ಕೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಒಂದು ಬೆಳ್ಳನೆಯ ಹುಡುಗಿಯನ್ನು ತಯಾರು ಮಾಡಿ ಕೊಟ್ಟ.

ಆ ಫೋಟೋ ನೋಡಿ ಮುದಗಲ್‌ನಿಂದ ಗಂಡಿನ ಕಡೆಯವರು ಬಂದರು. ಗಂಡಿನ ಅಕ್ಕ ಫೋಟೋ ನೋಡಿದಳು, ಗದ್ದೆಮ್ಮನನ್ನು ನೋಡಿದಳು. "ಫೋಟೋದಾಗಿನ ಹುಡುಗಿ ಒಳಗ ಅದಾಳೇನ್ರಿ? ಕರೀರಿ," ಎಂದಳು. ತಟ್ಟೆಯಲ್ಲಿದ್ದ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಗದ್ದೆಮ್ಮ ಆ ಫೋಟೋವನ್ನು ಒಲೆಗೆ ತುರುಕಿದಳು. ನನ್ನ ಮುಖದ ಫೋಟೋ ನಾನೇ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದು, ಸಂಬಳ ಕೂಡಿಸಿ, ಹೈದರಾಬಾದಿನಿಂದ ಹಳೆಯದೊಂದು ಕ್ಯಾಮೆರಾ ತರಿಸಿಕೊಂಡಳು. ಈಗ ನೋಡಿದರೆ ಕಲಿಸಲು ಬಂದವನ ಬಾಯಲ್ಲೂ ಅದೇ ಮಾತು!

ಕನಕರಾಯನ ಮುಖ ಪೆಚ್ಚಾಯಿತು. "ತಪ್ಪು ತಿಳೀಬ್ಯಾಡ್ರಿ. ನಾ ಬೈಯಾಕತ್ತಿಲ್ಲ, ಬೆಳಕು ಅಳಿಯೋ ಈ ಮೀಟರಿನ ಹಣೇಬರ ಹೇಳಾಕತ್ತೀನಿ. ಇದರಾಗ ಮುಳ್ಳು ಅಲ್ಲಾಡ್ತೈತಲ್ರಿ, ಅದಕ್ಕ ಕಪ್ಪು ಬಿಳಿ ಯಾವುದೂ ಗೊತ್ತಿಲ್ಲ. ಎಲ್ಲಾನೂ ಬೂದಿ ಬಣ್ಣಕ್ಕ ತರ್ತೈತಿ. ಎಮ್ಮಿ ತೋರಿಸಿದ್ರೂ ಬೂದಿ, ಸುಣ್ಣದ ಗ್ವಾಡಿ ತೋರಿಸಿದ್ರೂ ಬೂದಿ."

"ಅಂದ್ರ ನಾ ಎಮ್ಮಿ?"

"ಅಯ್ಯ ಶಿವನ!" ಕನಕರಾಯ ತಲೆ ತಲೆ ಚಚ್ಚಿಕೊಂಡ. "ಅದರ ಮಾತು ಕೇಳಿದ್ರ ನಿಮ್ಮ ಮುಖಾನೂ ಬೂದಿ ಆಗ್ತೈತ್ರಿ. ಒಂದು ಸ್ಟಾಪ್ ಕಮ್ಮಿ ಅಂದ್ರ ಬೆಳಕು ಅರ್ಧ. ಆಗ ನಿಮ್ಮ ಬಣ್ಣ ನಿಮಗ ಉಳೀತೈತಿ. ಬೇಕಾದ್ರ ಎರಡೂ ನಮೂನಿ ತೆಗೆದು ನೋಡ್ರಿ."

ನೋಡಿಯೇ ಬಿಡೋಣ ಎಂದು ಗದ್ದೆಮ್ಮ ಬಂಡೆಗೆ ಒರಗಿ ನಿಂತಳು. ಮೂಗಿನ ಹೊಳ್ಳೆ ಇನ್ನೂ ಅರಳಿಯೇ ಇದ್ದವು. ಕನಕರಾಯ ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು, ಆ ಸಿಟ್ಟನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಯಾಕೋ ಬೈಯಲಿಲ್ಲ.

ಮುಂದಿನ ಭಾನುವಾರ ಅವನೇ ಎರಡು ಪ್ರಿಂಟ್ ತಂದು ಕೈಗಿತ್ತ. ಒಂದರಲ್ಲಿ ಸುಣ್ಣ ಮೆತ್ತಿದ ಯಾವಳೋ ಇದ್ದಳು. ಇನ್ನೊಂದರಲ್ಲಿ ಗದ್ದೆಮ್ಮ. ಎಳ್ಳಿನಂಥ ನುಣುಪು ಕಪ್ಪು, ಮೂಗುಬೊಟ್ಟಿನ ಚೂರು ಬೆಳಕು, ಇನ್ನೇನು ಜಗಳಕ್ಕೆ ಬರುವ ಕಣ್ಣು. ತಾನು ಇಷ್ಟು ಚೆಂದ ಇದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಇದು ನಾನು," ಎಂದಳು.

"ಹೌದ್ರಿ. ಇದು ನೀವು," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿದ್ದವು.

ಆಮೇಲಿನ ಭಾನುವಾರಗಳು ಹೇಗೆ ಕಳೆದವೋ! ಕಾಲುವೆಯ ದಂಡೆ, ಭತ್ತದ ರಾಶಿ, ಬೆಳ್ಳಕ್ಕಿ ಹಿಂಡು ಎಂದು ಇಬ್ಬರೂ ಅಲೆದರು. "ರೀ" ಹೋಗಿ "ನೀ" ಬಂತು. ಕನಕರಾಯ ಅವಳಿಗೆ ಅಂಗೈಯ ಉಪಾಯ ಹೇಳಿಕೊಟ್ಟ. ಮುಖ ಯಾವ ಬಣ್ಣದ್ದೇ ಇರಲಿ, ಅಂಗೈ ಎಲ್ಲರದೂ ಹೆಚ್ಚುಕಮ್ಮಿ ಒಂದೇ. ಬಿಸಿಲಿಗೆ ಅಂಗೈ ಒಡ್ಡಿ, ಅದರ ಮೇಲೆ ಮೀಟರ್ ನೋಡಿ, ಒಂದು ಸ್ಟಾಪ್ ಹೆಚ್ಚು ಬಿಟ್ಟರೆ ಯಾರ ಮುಖವೂ ಕೆಡುವುದಿಲ್ಲ.

"ಹಂಗಾದ್ರ ಕೊಡು ಇಲ್ಲಿ," ಎಂದು ಅವನು ಅವಳ ಅಂಗೈ ಹಿಡಿಯುತ್ತಿದ್ದ.

"ನಿನ್ನ ಕೈ ಏನಾಗೇತಿ?"

"ನನ್ನದು ನಡುಗ್ತೈತಿ."

"ಸುಳ್ಳ!" ಎನ್ನುತ್ತಿದ್ದಳು. ಕೈ ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ಕೊನೆಗೊಂದು ದಿನ ಕನಕರಾಯ, "ಅವ್ವಗ ನಿನ್ನ ಫೋಟೋ ತೋರಿಸ್ತೀನಿ, ಗುಡ್ಡದ ಬಂಡೆ ಹತ್ರ ತೆಗೆದದ್ದು," ಎಂದು ಹೇಳಿ ತುರ್ವಿಹಾಳಕ್ಕೆ ಹೋದ. ತಂದೆಯಿಲ್ಲದ ಮಗ, ಅವ್ವನ ಮಾತೇ ಕೊನೆಯ ಮಾತು. ಗದ್ದೆಮ್ಮ ಆ ವಾರ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ರಾಯಚೂರು ಕೇಳಿದವರಿಗೆ ಗಂಗಾವತಿ ಹಾಕಿಕೊಟ್ಟು ಬೈಸಿಕೊಂಡಳು. ಈ ಸಲ ಹೋದದ್ದು ತನ್ನದೇ ಮುಖ, ಬೇಡವೆಂದರೆ ತನ್ನನ್ನೇ ಬೇಡವೆಂದ ಹಾಗೆ. ಅದೇ ಅವಳ ಎದೆಯಲ್ಲಿ ಕುಟುಕುತ್ತಿತ್ತು.

ಸಿಂಧನೂರು ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕನಕರಾಯ ತಲೆ ತಗ್ಗಿಸಿ ಕೂತಿದ್ದ.

"ಅವ್ವ ಬ್ಯಾಡ ಅಂದ್ಲು."

ಗದ್ದೆಮ್ಮನ ಮೈಯೆಲ್ಲ ಉರಿಯಿತು. "ಕಪ್ಪಗದಾಳ ಅಂತ? ನೇರ ಹೇಳು!"

"ಅಲ್ಲ. ಬೆಳ್ಳಗದಾಳ ಅಂತ."

"ಏನಂದಿ?"

"ಮೈಯಾಗ ರಗುತ ಇಲ್ಲದ ಹುಡುಗಿ, ಏನೋ ರೋಗ ಐತಿ, ಕಾಮಾಲಿ ಆಗೇತೇನು ಅಂದ್ಲು." ಅವನು ಲೋಟ ತಿರುಗಿಸುತ್ತಾ ಕೂತ. "ನೆಗೆಟಿವ್ ಅದೇ ಐತಿ ಗದ್ದಿ. ಪ್ರಿಂಟು ಹಾಕೋವಾಗ... ಕಾಗದಕ್ಕ ಬೆಳಕು ಸ್ವಲ್ಪ ಕಮ್ಮಿ ಕೊಟ್ಟೆ. ಪ್ರಿಂಟಿನಾಗ ಉಲ್ಟಾ, ಬೆಳಕು ಕಮ್ಮಿ ಬಿದ್ದಷ್ಟೂ ಬಿಳುಪು. ಮುಖ ಒಂಚೂರು ಬೆಳ್ಳಗ ಬರ್ಲಿ ಅಂತ. ಅವ್ವ ಒಲ್ಲೆ ಅಂದುಬಿಟ್ರ ನಿನ್ನ ಎಲ್ಲಿ ಕಳಕೊಂತೀನೋ ಅಂತ ಹೆದರಿದೆ."

ಗದ್ದೆಮ್ಮ ಆಡಿದ ಮಾತಿಗೆ ಪಕ್ಕದ ಟೇಬಲಿನವರು ಇಡ್ಲಿ ಬಿಟ್ಟು ತಿರುಗಿದರು.

"ಆ ಸ್ಟುಡಿಯೋದವ ರೊಕ್ಕಕ್ಕ ಮಾಡಿದ. ನೀ ಪ್ರೀತಿಗೆ ಮಾಡಿದಿ. ಅಳಿಸಿದ್ದು ಮಾತ್ರ ಇಬ್ಬರೂ ನನ್ನ ಮುಖಾನ! ಅವನ ಮ್ಯಾಲೆ ನನಗ ಇಷ್ಟು ಸಿಟ್ಟು ಬಂದಿರಲಿಲ್ಲ ನೋಡು. ಅವಗ ನಾ ಯಾರೋ. ನಿನಗ ಗೊತ್ತಿತ್ತು. ನೀನ ನನಗ ನನ್ನ ತೋರಿಸಿದಿ, ನೀನ ಮುಚ್ಚಿದಿ."

ಕನಕರಾಯನ ಕಣ್ಣು ತುಂಬಿದವು. ಅವಳು ಕರಗಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು.

"ಎಲ್ಲಿಗೆ?"

"ತುರ್ವಿಹಾಳಕ್ಕ. ಬರ್ತಿದ್ರ ಬಾ, ಇಲ್ಲಂದ್ರ ಬಿಡು."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅವನು ಎರಡು ಸೀಟು ಹಿಂದೆ.

ಕನಕರಾಯನ ಅವ್ವ ಆದಮ್ಮ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಸುಡುಬಿಸಿಲಿನಲ್ಲಿ ಗದ್ದೆ ಕೆಲಸ ಮಾಡಿದ ಮೈ. ಕಪ್ಪಿನಲ್ಲಿ ಗದ್ದೆಮ್ಮನಿಗಿಂತ ಒಂದು ಕೈ ಮೇಲೆ. ಅದನ್ನು ನೋಡಿ ಗದ್ದೆಮ್ಮನಿಗೆ ಇನ್ನೂ ಸಿಟ್ಟು ಬಂತು. ಈ ತಾಯಿಯ ಮಗ ಇಂಥ ಕೆಲಸ ಮಾಡಿದನಲ್ಲ!

"ನೀವು ಬ್ಯಾಡ ಅಂದ್ರಲ್ಲ, ಆ ಫೋಟೋದಾಕಿ ನಾನ ರೀ," ಎಂದಳು ಅಂಗಳದಲ್ಲೇ ನಿಂತು. "ಈಗ ನೋಡಿ ಹೇಳ್ರಿ. ಬ್ಯಾಡ ಅನ್ನಂಗಿದ್ರ ನನ್ನ ನೋಡಿ ಅನ್ರಿ."

ಆದಮ್ಮ ಮೊರ ಕೆಳಗಿಟ್ಟಳು. ಹತ್ತಿರ ಬಂದು ಅವಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು. ಗೂಟದ ಹತ್ತಿರ ಕಳ್ಳನ ಹಾಗೆ ನಿಂತಿದ್ದ ಮಗನ ಕಡೆ ನೋಡಿದಳು.

"ಲೇ ಕನಕ್ಯಾ! ಈ ಮುಖಾನೇನಲೇ ನೀ ಸುಣ್ಣದಾಗ ಅದ್ದಿ ತಂದಿದ್ದಿ? ನಾನೂ ಕರಿಯಾಕಿನ. ನನ್ನೂ ಹಿಂಗ ಮುಚ್ಚಿ ಇಡ್ತೀಯೇನು ನಿನ್ನ ಸಾಲಿ ಮಾಸ್ತರ ಮುಂದ?"

"ತಪ್ಪಾತಬೇ ಯವ್ವ."

"ನನಗ್ಯಾಕ ಹೇಳ್ತಿ? ಆಕಿಗೆ ಹೇಳು."

ಕನಕರಾಯ ಗದ್ದೆಮ್ಮನ ಎದುರು ಬಂದು ನಿಂತ. "ತಪ್ಪಾತು ಗದ್ದಿ. ನಿನ್ನ ಬಣ್ಣಕ್ಕ ಅಲ್ಲ, ನನ್ನ ಹೆದರಿಕಿಗೆ ಹಂಗ ಮಾಡಿದೆ. ನೀ ಇದ್ದಂಗ ನನಗ ಬೇಕು. ಮೊದಲನೇ ದಿನ ಆ ಬಂಡೆಗೆ ಒರಗಿ ಸಿಟ್ಟಿಲೆ ನೋಡಿದ್ಯಲ್ಲ, ಅವತ್ತಿಂದ ಬೇಕು."

"ಸಿಟ್ಟು ಇನ್ನೂ ಇಳಿದಿಲ್ಲ ನಂದು," ಎಂದಳು. ದನಿ ಮಾತ್ರ ತಡವರಿಸಿತು.

"ಇಳಿಸಬ್ಯಾಡವ್ವ, ಇರ್ಲಿ," ಎಂದಳು ಆದಮ್ಮ ಮತ್ತೆ ಮೊರ ಎತ್ತಿಕೊಳ್ಳುತ್ತಾ. "ಇಂಥವನ ಕೂಡ ಬಾಳೇವು ಮಾಡಾಕ ಬೇಕಾಗ್ತೈತಿ."

ಗದ್ದೆಮ್ಮನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದಳು. ಬ್ಯಾಗಿನಿಂದ ಕ್ಯಾಮೆರಾ ತೆಗೆದು ಅವನ ಕೈಗಿಟ್ಟು, ಆದಮ್ಮನ ಪಕ್ಕದಲ್ಲಿ, ಅಂಗಳದ ಬೇವಿನ ಮರದ ನೆರಳಿನಲ್ಲಿ ಕುಳಿತಳು. ಅವನ ಕಡೆಗೆ ಅಂಗೈ ಚಾಚಿದಳು.

ಅವನು ಮೀಟರ್ ನೋಡುವುದನ್ನೇ ಮರೆತು, ಆ ಕೈ ಹಿಡಿದು ನಿಂತುಬಿಟ್ಟ.

"ಅವ್ವ ನೋಡಾಕತ್ಯಾರ, ಕೈ ಬಿಡು," ಎಂದಳು ಗದ್ದೆಮ್ಮ ಮೆಲ್ಲಗೆ. "ಫೋಟೋ ನೀ ತೆಗಿ. ಪ್ರಿಂಟು ಮಾತ್ರ ಇನ್ನ ಮ್ಯಾಲೆ ನಾನ ಹಾಕ್ತೀನಿ."